ಹಳೆ ಕಾರಿನ ಡೋರ್ ಪ್ಯಾಡ್‌ಗೆ ಹೊಸ ಹೊದಿಕೆ: ರೆಕ್ಸಿನ್, ಲೆದರ್, ಬಟ್ಟೆಯಲ್ಲಿ ಯಾವುದು ಸರಿ?

ಹಳೆ ಪದ್ಮಿನಿಯನ್ನೋ ಅಂಬಾಸಿಡರನ್ನೋ ರಿಸ್ಟೋರ್ ಮಾಡಿಸುವವರು ಎಂಜಿನ್ ಮುಗಿಸಿ, ಟಿಂಕರಿಂಗ್ ಮುಗಿಸಿ, ಪೇಂಟ್ ಮುಗಿಸಿ ಕೊನೆಗೆ ಒಳಗಿನ ಕೆಲಸಕ್ಕೆ ಬರುತ್ತಾರೆ. ಅಷ್ಟು ಹೊತ್ತಿಗೆ ದುಡ್ಡೂ ತಾಳ್ಮೆಯೂ ಎರಡೂ ಕರಗಿರುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯ ಕುಶನ್ ಅಂಗಡಿ ಮುಂದೆ ಗಾಡಿ ನಿಲ್ಲಿಸಿ ಕೇಳುವುದು ಒಂದೇ ಪ್ರಶ್ನೆ: "ಅಣ್ಣಾ, ಡೋರ್ ಪ್ಯಾಡ್‌ಗೆ ರೆಕ್ಸಿನ್ ಹಾಕಿಸಲಾ, ಲೆದರ್ ಹಾಕಿಸಲಾ?"

ಡೋರ್ ಪ್ಯಾಡ್ ಎಂದರೆ ಬಾಗಿಲಿನ ಒಳಮೈಯನ್ನು ಮುಚ್ಚುವ, ಹೊದಿಕೆ ಹಾಕಿದ ಹಲಗೆ. ಪ್ರಶ್ನೆ ಒಳ್ಳೆಯದೇ. ಆದರೆ ಅದು ಮೂರನೆಯ ಪ್ರಶ್ನೆ. ಹಳೆ ಹೊದಿಕೆಯನ್ನು ಕೀಳಲೇಬೇಕಾ ಎನ್ನುವುದು ಮೊದಲನೆಯದು. ಒಳಗಿನ ಹಲಗೆ ಯಾವುದಿರಬೇಕು ಎನ್ನುವುದು ಎರಡನೆಯದು. ಈ ಎರಡು ತೀರ್ಮಾನವಾದರೆ ಮೂರನೆಯದು ಅರ್ಧ ತಾನಾಗೇ ಬಗೆಹರಿಯುತ್ತದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಮಳೆ, ಬಿಸಿಲಲ್ಲಿ ಓಡಾಡುವ ಗಾಡಿಯಾದರೆ ದುಡ್ಡು ಹಾಕಬೇಕಾದದ್ದು ಹಲಗೆಗೆ ಮತ್ತು ಹಲಗೆ ಹಿಂದಿನ ಪ್ಲಾಸ್ಟಿಕ್ ಹಾಳೆಗೆ. ಮೇಲಿನ ಹೊದಿಕೆಗೆ ಒಳ್ಳೆ ಗುಣಮಟ್ಟದ ಪಿವಿಸಿ ರೆಕ್ಸಿನ್ ಸಾಕು. ಯಾಕೆ ಅಂತ ಮುಂದೆ ನೋಡೋಣ.

ಕೀಳುವ ಮುಂಚೆ ಒಂದು ಸಲ ತೊಳೆದು ನೋಡಿ

ನಲವತ್ತು, ಐವತ್ತು ವರ್ಷ ಹಳೆಯ ಡೋರ್ ಪ್ಯಾಡ್ ಕೊಳಕಾಗಿ ಕಂಡ ಮಾತ್ರಕ್ಕೆ ಹಾಳಾಗಿದೆ ಎಂದಲ್ಲ. ಧೂಳು, ಕೈಯ ಜಿಡ್ಡು, ಯಾವುದೋ ಕಾಲದಲ್ಲಿ ಬಳಿದ ಪಾಲಿಶ್ ಎಲ್ಲ ಸೇರಿ ಕಪ್ಪಗೆ ಪದರ ಕಟ್ಟಿರುತ್ತದೆ. ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ನೊರೆ ಮಾಡಿ. ಬರೀ ನೊರೆಯನ್ನು ಮೆತ್ತನೆ ಬ್ರಷ್‌ನಲ್ಲಿ ತೆಗೆದುಕೊಂಡು ಒಂದು ಮೂಲೆ ಉಜ್ಜಿ, ತಕ್ಷಣ ಒಣಬಟ್ಟೆಯಲ್ಲಿ ಒರೆಸಿ. ಹಲಗೆಗೆ ನೀರು ಇಳಿಯಬಾರದು, ಅಷ್ಟೇ. ಒಳಗಿನ ಬಣ್ಣ ಕಂಡಿತಾ? ಹಿಂಬದಿಗೆ ಮಡಚಿದ ಅಂಚನ್ನು ಬೆರಳಲ್ಲಿ ಬಗ್ಗಿಸಿದರೆ ಬಿರುಕು ಬಿಡದೆ ಬಗ್ಗುತ್ತದಾ? ಹಾಗಿದ್ದರೆ ದಯವಿಟ್ಟು ಅದನ್ನು ಉಳಿಸಿಕೊಳ್ಳಿ.

ಬಗ್ಗದೆ ಗಡುಸಾಗಿದ್ದರೆ ಮಾತ್ರ ಆಸೆ ಬಿಡಬೇಕು. ಪಿವಿಸಿಯನ್ನು ಮೆತ್ತಗೆ ಇಡುವುದು ಅದರೊಳಗೆ ಬೆರೆಸಿದ ಎಣ್ಣೆಯಂಥ ಒಂದು ಅಂಶ, ಪ್ಲಾಸ್ಟಿಸೈಜರ್. ವರ್ಷಗಳು ಕಳೆದಂತೆ, ಬಿಸಿಲು ಬಿದ್ದಂತೆ ಅದು ನಿಧಾನವಾಗಿ ಆರಿಹೋಗುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಗ್ಲಾಸಿನ ಒಳಮೈಗೆ ಜಿಡ್ಡಾಗಿ ಮಂಜಿನಂಥ ಪದರ ಕೂರುತ್ತದಲ್ಲ, ಅದರಲ್ಲಿ ಇದರ ಪಾಲೂ ಇದೆ. ಒಮ್ಮೆ ಗಡುಸಾದ ರೆಕ್ಸಿನ್ ಯಾವ ಕ್ರೀಮ್ ಹಚ್ಚಿದರೂ ಮತ್ತೆ ಮೆತ್ತಗಾಗುವುದಿಲ್ಲ.

ಉಳಿಸಿಕೊಳ್ಳಿ ಎಂದು ಒತ್ತಿ ಹೇಳಲು ಕಾರಣವಿದೆ. ಅರವತ್ತು, ಎಪ್ಪತ್ತರ ದಶಕದ ಎಷ್ಟೋ ಗಾಡಿಗಳ ಡೋರ್ ಪ್ಯಾಡ್ ಮೇಲೆ ಗೆರೆಗೆರೆಯಾಗಿ ಒಂದು ವಿನ್ಯಾಸ ಇರುತ್ತದೆ. ಹತ್ತಿರದಿಂದ ನೋಡಿ, ಆ ಗೆರೆಯಲ್ಲಿ ದಾರವೇ ಇರುವುದಿಲ್ಲ. ಕಾರ್ಖಾನೆಯಲ್ಲಿ ಲೋಹದ ಅಚ್ಚು ಒತ್ತಿ, ಹೈ ಫ್ರೀಕ್ವೆನ್ಸಿ ಯಂತ್ರದಿಂದ ಬಿಸಿ ಮಾಡಿ, ರೆಕ್ಸಿನ್ನನ್ನು ಕೆಳಗಿನ ಪದರಕ್ಕೆ ಬೆಸೆದಿರುತ್ತಾರೆ. ಕುಶನ್ ಅಂಗಡಿಯಲ್ಲಿ ಇದೇ ಗೆರೆಗಳನ್ನು ಹೊಲಿಗೆ ಹಾಕಿ ಮಾಡಿಕೊಡುತ್ತಾರೆ. ದೂರಕ್ಕೆ ಒಂದೇ ಥರ ಕಾಣುತ್ತದೆ. ಆ ಗಾಡಿ ಗೊತ್ತಿದ್ದವರು ಬಾಗಿಲು ತೆಗೆದ ತಕ್ಷಣ ಹಿಡಿದುಬಿಡುತ್ತಾರೆ. ಅಂಥ ಬೆಸುಗೆ ಯಂತ್ರ ಮಳೆ ಕೋಟು, ಫೈಲು, ಪೌಚು ಮಾಡುವ ಕಡೆ ಇರುತ್ತದೆ. ಆದರೆ ನಿಮ್ಮ ಗಾಡಿಯ ವಿನ್ಯಾಸಕ್ಕೆ ಅಚ್ಚು ಬೇರೆ ಮಾಡಿಸಬೇಕು, ಒಂದೇ ಕಾರಿಗೋಸ್ಕರ ಅದು ಗಿಟ್ಟುವುದಿಲ್ಲ. ಹಾಗಾಗಿ ಬೆಸೆದ ಗೆರೆ ಚೆನ್ನಾಗಿರುವ ಪ್ಯಾಡ್ ಸಿಕ್ಕರೆ ಅದು ಸಿಕ್ಕಾಪಟ್ಟೆ ಬೆಲೆಬಾಳುವ ವಸ್ತು. ಅಂಗಡಿಯವರು "ಹಳೇದು ಕಿತ್ತಾಕಿ ಸಾರ್, ಹೊಸದು ಹಾಕ್ಬಿಡೋಣ" ಎಂದರೆ ಸ್ವಲ್ಪ ತಡೆಯಿರಿ.

ಹೊದಿಕೆ ಚೆನ್ನಾಗಿದೆ, ಹಲಗೆ ಮಾತ್ರ ಕೊಳೆತಿದೆ ಎನ್ನುವ ಪರಿಸ್ಥಿತಿ ತುಂಬಾ ಸಾಮಾನ್ಯ. ಆಗ ನಡುವಿನ ದಾರಿಯೊಂದಿದೆ. ಹಳೆ ಹೊದಿಕೆಯನ್ನು ನಿಧಾನವಾಗಿ ಬಿಡಿಸಿ ಹೊಸ ಹಲಗೆಗೆ ಹಾಕಬಹುದು. ಹಳೆ ರೆಕ್ಸಿನ್ ಕುಗ್ಗಿರುತ್ತದೆ, ಹಿಂಬದಿಗೆ ಮಡಚಲು ಅಂಚು ಸಾಲುವುದಿಲ್ಲ. ಸುತ್ತಲೂ ಒಂದೂವರೆ ಇಂಚಿನ ಬಟ್ಟೆಯ ಪಟ್ಟಿ ಹೊಲಿಸಿಕೊಂಡರೆ ಆ ಪಟ್ಟಿ ಹಿಡಿದು ಎಳೆಯಬಹುದು. ಹೊಲಿಗೆ ಹಲಗೆಯ ಹಿಂದೆ ಅಡಗುತ್ತದೆ. ಸಮಯ ಹಿಡಿಯುವ ಕೆಲಸ, ಆದರೆ ಫಲಿತಾಂಶಕ್ಕೆ ಸಾಟಿ ಇಲ್ಲ.

ಬಣ್ಣ ಮಾತ್ರ ಮಾಸಿದ್ದರೆ ವಿನೈಲ್‌ಗೆಂದೇ, ಅಂದರೆ ಪಿವಿಸಿಗೆಂದೇ ಬರುವ ಬಣ್ಣ ಹೊಡೆಸಬಹುದು. ಅದೇ ಬಣ್ಣಕ್ಕೆ ಅದೇ ಬಣ್ಣವಾದರೆ ಸರಿ. ಕಡುನೀಲಿ ಪ್ಯಾಡನ್ನು ಕ್ರೀಮ್ ಮಾಡಲು ಹೋದರೆ ಕೈ ಇಡುವ ಜಾಗದಲ್ಲಿ ಬೇಗ ಸವೆದು ನೀಲಿ ಇಣುಕುತ್ತದೆ.

ಇನ್ನೊಂದು ಮಾತು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮ ತಂದಿತು. ಅದರಲ್ಲಿ ದೊಡ್ಡ ಬದಲಾವಣೆ ಎಂದು ನೋಡುವುದು ಚಾಸಿ, ಬಾಡಿ ಶೆಲ್, ಎಂಜಿನ್ನಿನ ವಿಷಯ. ಡೋರ್ ಪ್ಯಾಡ್‌ಗೆ ಹೊಸ ರೆಕ್ಸಿನ್ ಹಾಕಿಸಿದಿರಿ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಆ ನೋಂದಣಿಯ ಗಾಡಿಯನ್ನು ರ್‍ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲಿಗೆ ಬಿಟ್ಟರೆ ದಿನನಿತ್ಯ ಓಡಿಸುವಂತಿಲ್ಲ. ಅಂದರೆ ಅದು ಮಳೆ ನೋಡುವುದೇ ಕಡಿಮೆ. ನಿಮ್ಮ ಗಾಡಿ ಆ ಗುಂಪಿನದಾ, ಅಥವಾ ಭಾನುವಾರ ಬೆಳಗ್ಗೆ ನಂದಿ ಬೆಟ್ಟಕ್ಕೋ ವಾರದಲ್ಲಿ ಆಫೀಸಿಗೋ ಹೋಗುವ ಗಾಡಿಯಾ? ಮುಂದಿನ ಎಲ್ಲ ಆಯ್ಕೆಯೂ ಇದರ ಮೇಲೆ ನಿಂತಿದೆ.

ನೀರು ಎಲ್ಲಿಂದ ಬರುತ್ತದೆ ಗೊತ್ತಾ?

ಬಾಗಿಲೊಳಗೆ ನೀರು ಬರುವುದು ದೋಷವಲ್ಲ. ಎಲ್ಲ ಕಾರಿನಲ್ಲೂ ಗ್ಲಾಸಿನ ಹೊರಮೈ ಮೇಲೆ ಇಳಿದ ಮಳೆನೀರಲ್ಲಿ ಸ್ವಲ್ಪ ರಬ್ಬರ್ ದಾಟಿ ಬಾಗಿಲಿನ ಹೊಟ್ಟೆಗೆ ಬೀಳುತ್ತದೆ. ಕೆಳಗಿನ ತೂತುಗಳಿಂದ ಹೊರಗೆ ಹೋಗುತ್ತದೆ. ಹಳೆ ಗಾಡಿಯಲ್ಲಿ ಆ ರಬ್ಬರ್ ಒಣಗಿ ಸುಕ್ಕಾಗಿರುವುದರಿಂದ ಜಾಸ್ತಿ ನೀರು ಬೀಳುತ್ತದೆ. ನಮ್ಮೂರಲ್ಲಿ ಇನ್ನೊಂದು ತೊಂದರೆಯೂ ಸೇರಿಕೊಳ್ಳುತ್ತದೆ. ಜಯನಗರ, ಮಲ್ಲೇಶ್ವರದ ಬೀದಿಗಳಲ್ಲಿ ಮಳೆಮರ, ಗುಲ್‌ಮೊಹರ್, ತಬೆಬುಯಾ ಕೆಳಗೆ ಗಾಡಿ ನಿಲ್ಲಿಸುತ್ತೇವೆ ಅಲ್ವಾ? ಸಣ್ಣ ಎಲೆ, ಹೂವಿನ ಎಸಳು ಗ್ಲಾಸಿನ ಸಂದಿಯಲ್ಲಿ ಇಳಿದು, ತಳದಲ್ಲಿ ಧೂಳಿನ ಜೊತೆ ಕೆಸರಾಗಿ ಆ ತೂತುಗಳನ್ನು ಮುಚ್ಚುತ್ತವೆ. ಸೆಪ್ಟೆಂಬರ್, ಅಕ್ಟೋಬರ್‌ನ ಸಂಜೆ ಮಳೆಗೆ ಬಾಗಿಲೊಳಗೆ ನೀರು ನಿಲ್ಲುತ್ತದೆ. ಬಾಗಿಲ ತಳ ತುಕ್ಕು ಹಿಡಿಯುತ್ತದೆ, ಹಲಗೆಯ ಕೆಳಗಿನ ಅಂಚು ನೀರು ಹೀರಿ ಊದಿ ಹಪ್ಪಳದಂತೆ ಅಲೆಯಾಗುತ್ತದೆ.

ಆದ್ದರಿಂದ ಪ್ಯಾಡ್ ಬಿಚ್ಚಿದ ಮೇಲೆ ಮೊದಲ ಕೆಲಸ, ಒಂದು ಗಟ್ಟಿ ತಂತಿಯಲ್ಲಿ ಆ ತೂತುಗಳನ್ನು ಬಿಡಿಸಿ ಒಂದು ಮಗ್ ನೀರು ಸುರಿದು ನೋಡುವುದು. ಸುರಿದಷ್ಟೂ ಕೆಳಗೆ ಇಳಿಯಬೇಕು. ಎರಡನೆಯದು ಪ್ಲಾಸ್ಟಿಕ್ ಹಾಳೆ. ಬಾಗಿಲಿನ ತಗಡಿಗೂ ಹಲಗೆಗೂ ನಡುವೆ ಒಂದು ಹಾಳೆ ಇರಲೇಬೇಕು. ಹೆಚ್ಚಿನ ಹಳೆ ಗಾಡಿಗಳಲ್ಲಿ ಅದು ಹರಿದುಹೋಗಿರುತ್ತದೆ, ಇಲ್ಲವೇ ಪವರ್ ವಿಂಡೋ, ಸ್ಪೀಕರ್ ಹಾಕಿದವರು ಕಿತ್ತು ಎಸೆದಿರುತ್ತಾರೆ. ದಪ್ಪ ಪಾಲಿಥಿನ್ ತಂದು ಕತ್ತರಿಸಿ, ಬ್ಯೂಟೈಲ್ ಎನ್ನುವ ಜಿಗುಟು ರಬ್ಬರ್ ಟೇಪಿನಲ್ಲಿ ಸುತ್ತ ಅಂಟಿಸಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಹಾಳೆಯ ಕೆಳಗಿನ ಅಂಚು ತಗಡಿನ ಮೇಲೆ ನಿಲ್ಲಬಾರದು. ತಗಡಿನಲ್ಲಿರುವ ಕೆಳಗಿನ ಕಿಂಡಿಯೊಳಗೆ ಅದನ್ನು ತೂರಿಸಬೇಕು. ಆಗ ಹಾಳೆ ಮೇಲೆ ಇಳಿದ ನೀರು ಮತ್ತೆ ಬಾಗಿಲಿನ ಹೊಟ್ಟೆಗೇ ಬೀಳುತ್ತದೆ. ಹೊರಗೆ ಬಿಟ್ಟರೆ ಅದೇ ನೀರು ನೇರವಾಗಿ ಹಲಗೆಯ ಬುಡಕ್ಕೆ, ಅಲ್ಲಿಂದ ಕಾರ್ಪೆಟ್‌ಗೆ. ಪ್ಯಾಡ್‌ನಷ್ಟು ಖರ್ಚಿಲ್ಲದ, ಕಣ್ಣಿಗೂ ಕಾಣದ ಈ ಹಾಳೆಯೇ ನಿಮ್ಮ ಹೊಸ ಹೊದಿಕೆಯ ಆಯಸ್ಸನ್ನು ತೀರ್ಮಾನಿಸುವುದು.

ಹಲಗೆ: ನಿಜವಾದ ಆಯ್ಕೆ ಇಲ್ಲಿದೆ

ಹಳೆ ಗಾಡಿಗಳಲ್ಲಿ ಹೆಚ್ಚಾಗಿ ಇರುವುದು ಸುಮಾರು 3 ಮಿ.ಮೀ. ದಪ್ಪದ ಹಾರ್ಡ್‌ಬೋರ್ಡ್ ಅಥವಾ ಒತ್ತಿದ ರಟ್ಟಿನಂಥ ಹಲಗೆ. ಅದನ್ನೇ ಮತ್ತೆ ಹಾಕುವುದರಲ್ಲಿ ಒಂದು ದೊಡ್ಡ ಲಾಭವಿದೆ. ದಪ್ಪ ಅದೇ ಇರುವುದರಿಂದ ಕ್ಲಿಪ್, ಹ್ಯಾಂಡಲ್, ಸ್ಕ್ರೂ ಎಲ್ಲ ಮೊದಲಿದ್ದಂತೇ ಕೂರುತ್ತವೆ. ಬಾಗಿಲಿನ ಸಣ್ಣ ಬಾಗಿಗೆ ತಕ್ಕಂತೆ ಬಗ್ಗುತ್ತದೆ. ಕತ್ತರಿಸುವುದು ಸುಲಭ, ಬೆಲೆ ಕಡಿಮೆ. ಶತ್ರು ನೀರೊಂದೇ. ಹಾಗಾಗಿ ಹಾರ್ಡ್‌ಬೋರ್ಡ್ ಆರಿಸಿದರೆ ಸೀಲ್ ಮಾಡಲೇಬೇಕು. ಎಲ್ಲ ತೂತು ಕೊರೆದಾದ ಮೇಲೆ, ಹಿಂಬದಿಗೆ ಎರಡು ಕೋಟ್ ವಾರ್ನಿಷ್, ಅಂಚುಗಳಿಗೆ ಮತ್ತು ತೂತಿನ ಒಳಮೈಗೆ ಇನ್ನೊಂದು ಜಾಸ್ತಿ. ನೀರು ಹೀರುವುದು ಮುಖ್ಯವಾಗಿ ಅಂಚಿನಿಂದ. ಮುಂಬದಿಗೆ ತೆಳುವಾಗಿ ಒಂದು ಕೋಟ್ ಸಾಕು. ಪೂರ್ತಿ ಒಣಗಿದ ಮೇಲೆ ಎಮರಿ ಪೇಪರ್ ತಾಗಿಸಿ, ಇಲ್ಲದಿದ್ದರೆ ಗಮ್ಮಿನ ಸಾಲ್ವೆಂಟ್ ಹಸಿ ವಾರ್ನಿಷನ್ನು ಎಬ್ಬಿಸುತ್ತದೆ. ಸಾಧ್ಯವಾದರೆ ಎಣ್ಣೆ ಕುಡಿಸಿದ ಟೆಂಪರ್ಡ್ ಹಾರ್ಡ್‌ಬೋರ್ಡ್ ಕೇಳಿ. ಅದು ನೀರಿಗೆ ಸ್ವಲ್ಪ ಜಾಸ್ತಿ ತಡೆಯುತ್ತದೆ.

ಎರಡನೆಯ ಆಯ್ಕೆ ತೆಳು ಪ್ಲೈವುಡ್. ಬಡಗಿಗಳ ಸಲಹೆ ಯಾವಾಗಲೂ ಇದೇ. ಐಎಸ್ 710 ಗುರುತಿನ ಮರೈನ್ ಪ್ಲೈ ಆದರೆ ನೀರಿಗೆ ಹೆದರುವುದಿಲ್ಲ ಎನ್ನುವುದು ನಿಜ. ಆದರೆ ಸುಲಭವಾಗಿ ಸಿಗುವುದು 4 ಮಿ.ಮೀ. ಒಂದು ಮಿ.ಮೀ. ತಾನೇ ಎನ್ನಬೇಡಿ. ಅದರ ಮೇಲೆ ಫೋಮ್, ರೆಕ್ಸಿನ್ ಬಂದು ಕೂತರೆ ಗ್ಲಾಸ್ ಹ್ಯಾಂಡಲ್ ಪೂರ್ತಿ ಒಳಗೆ ಹೋಗುವುದಿಲ್ಲ, ತಿರುಗಿಸುವಾಗ ಪ್ಯಾಡನ್ನು ಉಜ್ಜುತ್ತದೆ. ತಂತಿಯ ಸ್ಪ್ರಿಂಗ್ ಕ್ಲಿಪ್‌ಗಳೂ 3 ಮಿ.ಮೀ. ದಪ್ಪಕ್ಕೆಂದೇ ಮಾಡಿದವು. ಜೊತೆಗೆ ಪ್ಲೈ ಒಂದು ದಿಕ್ಕಿಗೆ ಬಗ್ಗುತ್ತದೆ, ಇನ್ನೊಂದು ದಿಕ್ಕಿಗೆ ಬಗ್ಗುವುದಿಲ್ಲ. ಬಾಗಿಲು ಪೂರ್ತಿ ಚಪ್ಪಟೆ ಇರುವ ಗಾಡಿಗೆ, ಜೀಪಿನಂಥದ್ದಕ್ಕೆ, ನಾನು ಪ್ಲೈ ಒಪ್ಪುತ್ತೇನೆ. ಬೇರೆಯದಕ್ಕೆ ಅಲ್ಲ.

ಮೂರನೆಯದು 3 ಮಿ.ಮೀ. ಎಬಿಎಸ್ ಪ್ಲಾಸ್ಟಿಕ್ ಶೀಟು. ನೀರಿನ ಚಿಂತೆಯೇ ಇಲ್ಲ, ಬಿಸಿ ಗಾಳಿ ತಾಗಿಸಿ ಬಾಗಿಸಬಹುದು. ನುಣುಪಾಗಿರುವುದರಿಂದ ಎಮರಿ ಪೇಪರಿನಲ್ಲಿ ಉಜ್ಜಿದ ಮೇಲೇ ಗಮ್ ಹಿಡಿಯುವುದು. ಸ್ಟೇಪ್ಲರ್ ಪಿನ್ ಚೆನ್ನಾಗಿ ನಿಲ್ಲುವುದಿಲ್ಲ, ಹಾಗಾಗಿ ಹೊದಿಕೆ ಪೂರ್ತಿ ಅಂಟಿನ ಮೇಲೆ ನಿಂತಿರುತ್ತದೆ. ದಿನಾ ಮಳೆಗೆ ನಿಲ್ಲುವ, ಮೂಲ ರೂಪದ ಹಟವಿಲ್ಲದ ಗಾಡಿಗೆ ಇದು ಒಳ್ಳೆ ಆಯ್ಕೆ.

ಇನ್ನು ಸನ್‌ಬೋರ್ಡ್. ಬೋರ್ಡು, ಬ್ಯಾನರ್ ಬರೆಯುವವರ ಹತ್ತಿರ ಸಿಗುವ ಹಗುರ ಪಿವಿಸಿ ಫೋಮ್ ಹಲಗೆ. ಅಗ್ಗ, ಚಾಕುವಿನಲ್ಲೇ ಕತ್ತರಿಸಬಹುದು, ನೀರಿಗೆ ಏನೂ ಆಗುವುದಿಲ್ಲ. ಇಷ್ಟು ಕೇಳಿ ಮರುಳಾಗಬೇಡಿ. ಏಪ್ರಿಲ್ ಬಿಸಿಲಿಗೆ ಗ್ಲಾಸ್ ಏರಿಸಿ ನಿಲ್ಲಿಸಿದ ಕಾರಿನಲ್ಲಿ ಬಿಸಿಲು ಬೀಳುವ ಗಾಢ ಬಣ್ಣದ ಮೈ 60–70 ಡಿಗ್ರಿ ಮುಟ್ಟುತ್ತದೆ. ಈ ಹಲಗೆ ಮೆತ್ತಗಾಗುವುದೂ ಅಷ್ಟರಲ್ಲೇ. ಕ್ಲಿಪ್‌ನಿಂದ ಕ್ಲಿಪ್‌ಗೆ ನಡುವೆ ಜೋತುಬೀಳುತ್ತದೆ. ನನ್ನ ಮಟ್ಟಿಗೆ ಇದು ಲೆಕ್ಕಕ್ಕೇ ಇಲ್ಲ.

ಹಲಗೆ ಕತ್ತರಿಸಲು ಹಳೆ ಹಲಗೆಯೇ ನಕಾಶೆ. ಎಷ್ಟೇ ಕೊಳೆತಿರಲಿ, ಕೆಲಸ ಪೂರ್ತಿ ಮುಗಿದು ಪ್ಯಾಡ್ ಬಾಗಿಲಿಗೆ ಕೂರುವ ತನಕ ಎಸೆಯಬೇಡಿ, ಎಸೆಯಲು ಬಿಡಬೇಡಿ. ಒಂದು ಅಂಗಡಿಯಲ್ಲಿ ನನ್ನ ಗಾಡಿಯ ಹಿಂದಿನ ಬಾಗಿಲಿನ ಹಲಗೆಗಳನ್ನು ಕಸವೆಂದು ಎಸೆದುಬಿಟ್ಟಿದ್ದರು. ಆಮೇಲೆ ಕ್ಲಿಪ್ ತೂತುಗಳನ್ನು ಅಂದಾಜಿನಲ್ಲಿ ಕೊರೆದರು. ಅರ್ಧ ಸೆಂಟಿಮೀಟರ್ ಆಚೀಚೆ ಆದರೂ ಕ್ಲಿಪ್ ತಗಡಿನ ತೂತಿಗೆ ಹೋಗುವುದಿಲ್ಲ.

ಈಗ ಹೊದಿಕೆ

ಅಂಗಡಿಯಲ್ಲಿ ರೆಕ್ಸಿನ್ ಎಂದರೆ ಎರಡು ಜಾತಿ ತೋರಿಸುತ್ತಾರೆ: ಪಿವಿಸಿ ಮತ್ತು ಪಿಯು, ಅಂದರೆ ಪಾಲಿಯುರೆಥೇನ್. ಪಿಯು ಮುಟ್ಟಿದರೆ ಮೆತ್ತಗೆ, ಹಗುರ, ನಿಜವಾದ ಲೆದರಿನಂತೆ ಸಣ್ಣ ಸುಕ್ಕು ಬೀಳುತ್ತದೆ. ಪಿವಿಸಿ ಸ್ವಲ್ಪ ಭಾರ, ಮುಟ್ಟಿದರೆ ತಣ್ಣಗೆ. ಪಕ್ಕಪಕ್ಕ ಇಟ್ಟರೆ ಮನಸ್ಸು ಪಿಯು ಕಡೆಗೇ ಹೋಗುತ್ತದೆ. ಆದರೆ ಅಗ್ಗದ ಪಿಯುವಿಗೆ ಒಂದು ಹುಟ್ಟು ದೋಷವಿದೆ. ಗಾಳಿಯ ತೇವ ಅದರ ಮೇಲ್ಪದರವನ್ನು ಒಳಗೊಳಗೇ ಒಡೆಯುತ್ತದೆ. ಬಳಸದೆ ಬೀರುವಿನಲ್ಲಿಟ್ಟ ಹ್ಯಾಂಡ್‌ಬ್ಯಾಗ್, ಸೋಫಾ ಚಕ್ಕೆ ಚಕ್ಕೆಯಾಗಿ ಉದುರುವುದನ್ನು ಎಲ್ಲರೂ ನೋಡಿದ್ದೇವೆ. ಅದೇ ಇದು. ಉಜ್ಜಿ ಸವೆದದ್ದಲ್ಲ, ತಾನಾಗೇ ಕಳಚಿದ್ದು. ಇದನ್ನು ತಡೆಯುವ ದುಬಾರಿ ಪಿಯು ಇದೆ, ಆದರೆ ಬರೀ ಮುಟ್ಟಿ ನೋಡಿ ಯಾವುದು ಯಾವುದೆಂದು ಹೇಳಲಾಗದು. ಒಮ್ಮೆ ಹಾಕಿದರೆ ಹದಿನೈದು, ಇಪ್ಪತ್ತು ವರ್ಷ ಮತ್ತೆ ಬಿಚ್ಚಬಾರದು ಎನ್ನುವ ಕೆಲಸಕ್ಕೆ ನಾನು ಪಿವಿಸಿಯನ್ನೇ ಹೇಳುತ್ತೇನೆ. ಅದರಲ್ಲೂ ಕಾರಿಗೆಂದೇ ಮಾಡಿದ್ದು, ಹಿಂಬದಿಯಲ್ಲಿ ಹೆಣೆದ ಬಟ್ಟೆ ಇರುವಂಥದ್ದು. ಹೆಣಿಗೆ ಬಟ್ಟೆ ಎರಡೂ ದಿಕ್ಕಿಗೆ ಸ್ವಲ್ಪ ಹಿಗ್ಗುವುದರಿಂದ ಮೂಲೆಗಳಲ್ಲಿ ಚೆನ್ನಾಗಿ ಕೂರುತ್ತದೆ. ಸೋಫಾಕ್ಕೆ ಬರುವ ಅಗ್ಗದ ರೆಕ್ಸಿನ್ ಬಿಸಿಲು ತಡೆಯಲು ಮಾಡಿದ್ದಲ್ಲ, ಬೇಗ ಬಣ್ಣ ಬಿಡುತ್ತದೆ.

ಇನ್ನೊಂದು ಕಾರಣವೂ ಇದೆ. ನಮ್ಮ ದೇಶದಲ್ಲಿ ತಯಾರಾದ ಅಂಬಾಸಿಡರ್, ಫಿಯಟ್, ಹೆರಾಲ್ಡ್‌ಗಳ ಡೋರ್ ಪ್ಯಾಡ್ ರೆಕ್ಸಿನ್ನಿನದೇ. ಪಿವಿಸಿ ಹಾಕಿದರೆ ಅದು ರಾಜಿಯಲ್ಲ, ಆ ಗಾಡಿಗೆ ಸರಿಯಾದ ವಸ್ತು.

ಲೆದರ್ ಬಗ್ಗೆ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಹಳೆ ಇಂಗ್ಲಿಷ್ ಗಾಡಿ ಎಂದರೆ ಒಳಗೆಲ್ಲ ಲೆದರ್ ಇರಬೇಕು ಎಂದುಕೊಳ್ಳುತ್ತಾರೆ. ನಿಜ ಏನೆಂದರೆ, ಇಂಗ್ಲೆಂಡಿನ ಎಷ್ಟೋ ಕಾರುಗಳಲ್ಲಿ ಮೈ ತಾಗುವ ಸೀಟಿನ ಮುಂಭಾಗಕ್ಕೆ ಮಾತ್ರ ಲೆದರ್ ಇತ್ತು. ಸೀಟಿನ ಹಿಂಬದಿ, ಪಕ್ಕ, ಡೋರ್ ಪ್ಯಾಡ್ ಎಲ್ಲ ಅದೇ ಬಣ್ಣದ ಲೆದರ್‌ಕ್ಲಾತ್, ಅಂದರೆ ಹಳೆಕಾಲದ ರೆಕ್ಸಿನ್. ಹಾಗಾಗಿ "ಒರಿಜಿನಲ್ ಆಗಿರಲಿ" ಎಂದು ಡೋರ್ ಪ್ಯಾಡ್‌ಗೂ ಲೆದರ್ ಹಾಕಿಸಿದರೆ ಅದು ಒರಿಜಿನಲ್ಲೇ ಆಗದಿರಬಹುದು. ನಿಮ್ಮ ಮಾಡೆಲ್‌ನ ಹಳೆ ಬ್ರೋಷರ್, ಪಾರ್ಟ್ಸ್ ಕ್ಯಾಟಲಾಗ್ ನೋಡಿ. ಧರ್ಮಸ್ಥಳದ ಕಾರ್ ಸಂಗ್ರಹಕ್ಕೋ ಶ್ರೀರಂಗಪಟ್ಟಣದ ಪಯಣ ಮ್ಯೂಸಿಯಂಗೋ ಹೋದಾಗ ಬಾನೆಟ್ ಮುಂದೆ ಫೋಟೋ ತೆಗೆಸಿಕೊಳ್ಳುವುದರ ಜೊತೆಗೆ ಕಿಟಕಿಯಿಂದ ಡೋರ್ ಪ್ಯಾಡನ್ನೂ ಗಮನಿಸಿ. ಆಯಾ ಕಾಲದ ಕೆಲಸ ಹೇಗಿತ್ತು ಎನ್ನುವ ಅಂದಾಜು ಸಿಗುತ್ತದೆ.

ಲೆದರ್ ನಿಜವಾಗಿಯೂ ಇದ್ದ ಗಾಡಿಗೆ ಲೆದರನ್ನೇ ಹಾಕಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಯಾರಾಗಿರಿ. ಲೆದರ್ ಮೀಟರಿನಲ್ಲಿ ಅಲ್ಲ, ಚದರ ಅಡಿಯಲ್ಲಿ ಮಾರಾಟ. ಒಂದು ತೊಗಲಿನಲ್ಲಿ ಹೊಟ್ಟೆಯ ಭಾಗ ಸಡಿಲ, ಬೆನ್ನಿನ ಭಾಗ ಗಟ್ಟಿ. ಗಾಯದ ಗುರುತು, ಸುಕ್ಕು ಬಿಟ್ಟು ಕತ್ತರಿಸಬೇಕು, ವೇಸ್ಟ್ ಜಾಸ್ತಿ. ಹಲಗೆಯ ಹಿಂದೆ ಮಡಚುವ ಅಂಚನ್ನು ಚಾಕುವಿನಲ್ಲಿ ತೆಳುವಾಗಿ ಕೆತ್ತಬೇಕು, ಇಲ್ಲದಿದ್ದರೆ ಪ್ಯಾಡ್ ಬಾಗಿಲಿಗೆ ಒತ್ತಿ ಕೂರುವುದಿಲ್ಲ. ಈ ಕೆಲಸಕ್ಕೆ ಕಾರ್ ಸೀಟಿನ ಕೈಗಿಂತ ಚಪ್ಪಲಿ, ಬ್ಯಾಗ್ ಮಾಡುವ ಕೈ ಚೆನ್ನಾಗಿ ಪಳಗಿರುತ್ತದೆ. ಮಳೆಗಾಲದಲ್ಲಿ ಕವರ್ ಹೊದಿಸಿ ತಿಂಗಳುಗಟ್ಟಲೆ ನಿಲ್ಲಿಸಿದರೆ ಬೂಸ್ಟು ಹಿಡಿಯುತ್ತದೆ. ಬಿಸಿಲು ಬಂದ ದಿನ ಬಾಗಿಲು ತೆಗೆದಿಟ್ಟು ಗಾಳಿ ಆಡಿಸಬೇಕು.

ಬಟ್ಟೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮೂಲದಲ್ಲಿ ಉಣ್ಣೆ ಬಟ್ಟೆ ಇದ್ದ, ಶೆಡ್ಡಿನಲ್ಲೇ ನಿಲ್ಲುವ ಹಳೆ ಕಾರಿಗೆ ಬಟ್ಟೆ ಸರಿ. ಉಳಿದ ಯಾವುದಕ್ಕೂ ಬೇಡ. ಚಿಕ್ಕಪೇಟೆಯಲ್ಲಿ ಕಣ್ಣು ಕುಕ್ಕುವ ಪರದೆ ಬಟ್ಟೆ, ಸೋಫಾ ಬಟ್ಟೆ ಸಿಗುತ್ತವೆ. ಕಿಟಕಿ ತೆರೆದು ಓಡಿಸುವ ಕಾರಿನಲ್ಲಿ ಅವು ಮಳೆಹನಿಗೆ ಕಲೆ ಹಿಡಿದು, ಧೂಳು ತುಂಬಿಕೊಂಡು ಬೇಗ ಹಳತಾಗುತ್ತವೆ.

ಬಣ್ಣ ಆರಿಸುವಾಗ ಪ್ಯಾಡ್‌ನ ಮುಂಭಾಗವನ್ನು ಮಾದರಿಯಾಗಿ ತೋರಿಸಬೇಡಿ, ಅದು ಬಿಸಿಲಿಗೆ ಮಾಸಿರುತ್ತದೆ. ಆರ್ಮ್‌ರೆಸ್ಟ್ ಬಿಚ್ಚಿದರೆ ಅದರ ಕೆಳಗೆ ಕಾರ್ಖಾನೆಯಿಂದ ಬಂದ ದಿನದ ಬಣ್ಣ ಹಾಗೇ ಇರುತ್ತದೆ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಒಪ್ಪಿಗೆ ಕೊಡದೆ, ತುಂಡು ಹಿಡಿದು ರಸ್ತೆಗೆ ಬಂದು ಹಗಲು ಬೆಳಕಲ್ಲಿ ನೋಡಿ. ಮೇಲ್ಮೈಯ ಗೀರು, ಅಂದರೆ ಗ್ರೈನ್, ಬಣ್ಣದಷ್ಟೇ ಮುಖ್ಯ. ಹಳೆ ರೆಕ್ಸಿನ್‌ಗಳ ಗ್ರೈನ್ ಸಣ್ಣದಾಗಿರುತ್ತದೆ, ಈಗಿನ ಸೀಟ್ ಕವರ್‌ಗಳ ಉಬ್ಬು ವಿನ್ಯಾಸ ಹಳೆ ಗಾಡಿಯಲ್ಲಿ ಒಗ್ಗುವುದಿಲ್ಲ. ರೋಲ್ ಅಗಲ ಸಾಮಾನ್ಯವಾಗಿ 54 ಇಂಚು. ಪದ್ಮಿನಿಯಂಥ ಗಾಡಿಯ ನಾಲ್ಕು ಬಾಗಿಲಿಗೆ ಸಾದಾ ಪ್ಯಾಡ್ ಆದರೆ 3 ಮೀಟರ್ ಲೆಕ್ಕ ಹಾಕಿ. ಮಡಿಕೆ, ಗೆರೆ, ಪಾಕೆಟ್ ಇದ್ದರೆ 4–5 ಮೀಟರ್. ಸೀಟನ್ನೂ ಮಾಡಿಸುವುದಿದ್ದರೆ ಎಲ್ಲವನ್ನೂ ಒಂದೇ ರೋಲಿನಿಂದ ಒಂದೇ ಸಲ ತೆಗೆದುಕೊಳ್ಳಿ. ಮುಂದಿನ ರೋಲಿನ ಬಣ್ಣ ಒಂದು ಕೂದಲೆಳೆ ಬೇರೆ ಇದ್ದರೂ ಪಕ್ಕಪಕ್ಕದಲ್ಲಿ ಎದ್ದು ಕಾಣುತ್ತದೆ.

ಫೋಮ್ ಮತ್ತು ಗಮ್

ಫೋಮ್ 3 ಮಿ.ಮೀ. ಸಾಕು. ದಪ್ಪ ಹಾಕಿದರೆ ಮೊದಲ ದಿನ ಸೋಫಾದಂತೆ ಚೆಂದ, ಆಮೇಲೆ ಹ್ಯಾಂಡಲ್ ಕೂರುವುದಿಲ್ಲ, ಪ್ಯಾಡ್ ಬಾಗಿಲಿನ ರಬ್ಬರಿಗೆ ತಾಗುತ್ತದೆ. ಸಾಮಾನ್ಯ ಹಳದಿ ಸ್ಪಂಜು ನೀರು ಹೀರುತ್ತದೆ, ಕೆಲವು ವರ್ಷಕ್ಕೆ ಪುಡಿಯಾಗುತ್ತದೆ. ನೀರು ಹೀರದ ಇವಿಎ ಫೋಮ್ ಕೇಳಿ ಪಡೆಯಿರಿ.

ಅಂಟಿಗೆ ನಮ್ಮಲ್ಲಿ ಹೆಚ್ಚಾಗಿ ಬಳಸುವುದು ಫೆವಿಕಾಲ್ ಎಸ್‌ಆರ್‌ನಂಥ ಸಿಂಥೆಟಿಕ್ ರಬ್ಬರ್ ಗಮ್. ಮರಕ್ಕೆ ಬಳಸುವ ಬಿಳಿ ಫೆವಿಕಾಲ್ ಇಲ್ಲಿ ಕೆಲಸಕ್ಕೆ ಬಾರದು. ರಬ್ಬರ್ ಗಮ್ಮನ್ನು ಎರಡೂ ಮೈಗೆ ತೆಳುವಾಗಿ ಬಳಿದು, ಬೆರಳಿಟ್ಟರೆ ಜಿಗುಟು ಅನ್ನಿಸಬೇಕು ಆದರೆ ಎಳೆ ಬರಬಾರದು, ಅಷ್ಟು ಆರುವ ತನಕ ಕಾಯಬೇಕು. ಅವಸರಕ್ಕೆ ಹಸಿಯಾಗಿ ಅಂಟಿಸಿದರೆ ಸಾಲ್ವೆಂಟ್ ಒಳಗೇ ಸಿಕ್ಕಿಕೊಂಡು ಬಿಸಿಲಿಗೆ ಗುಳ್ಳೆ ಏಳುತ್ತದೆ. ಪಿವಿಸಿಯ ಪ್ಲಾಸ್ಟಿಸೈಜರ್ ಕಾಲಕ್ರಮೇಣ ಈ ಗಮ್ಮನ್ನೂ ಮೆತ್ತಗೆ ಮಾಡುತ್ತದೆ. ಅದಕ್ಕೇ ಹಾರ್ಡ್‌ಬೋರ್ಡ್‌ನಲ್ಲಿ ಬರೀ ಅಂಟನ್ನು ನಂಬದೆ ಹಿಂದೆ ಸ್ಟೇಪ್ಲರ್ ಪಿನ್ನನ್ನೂ ಹೊಡೆಯಬೇಕು. 3 ಮಿ.ಮೀ. ಹಲಗೆಗೆ 4 ಮಿ.ಮೀ. ಪಿನ್. 6 ಹೊಡೆದರೆ ಮುಂಭಾಗಕ್ಕೆ ತೂರಿ ಬರುತ್ತದೆ. ಮಧ್ಯದಿಂದ ಶುರು ಮಾಡಿ, ಎದುರುಬದುರು ಎಳೆಯುತ್ತಾ ಹೊಡೆದು, ಮೂಲೆಗಳನ್ನು ಕೊನೆಗೆ ಬಿಡಿ. ಹೊರಬಾಗಿದ ಮೂಲೆಯಲ್ಲಿ ಹೆಚ್ಚಾದ ರೆಕ್ಸಿನ್ನನ್ನು ಸಣ್ಣ ಸಣ್ಣ ನೆರಿಗೆಯಾಗಿ ಹಂಚಬೇಕು. ಒಳಬಾಗಿದ ಕಡೆ ಕತ್ತರಿಯಲ್ಲಿ ಸೀಳು ಕೊಡಬೇಕು, ಆದರೆ ಸೀಳು ಹಲಗೆಯ ಅಂಚಿಗೆ ಮೂರು, ನಾಲ್ಕು ಮಿ.ಮೀ. ಮುಂಚೆಯೇ ನಿಲ್ಲಬೇಕು.

ಗಮ್ ಬಗ್ಗೆ ಅನುಮಾನವಿದ್ದರೆ ಒಂದು ಚೂರು ಹಲಗೆಗೆ ಒಂದು ಚೂರು ರೆಕ್ಸಿನ್ ಅಂಟಿಸಿ, ಒಂದು ದಿನ ಒಣಗಿಸಿ, ರೆಕ್ಸಿನ್ನಿನ ತುದಿಗೆ ಒಂದು ನಟ್ ನೇತುಹಾಕಿ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಿ. ಸಂಜೆಗೆ ಸುಲಿದು ಬಂದಿದ್ದರೆ ಗಮ್ ಬದಲಿಸಿ.

ರೆಡಿಮೇಡ್, ಅಂಗಡಿ, ಅಥವಾ ಸ್ವಂತ ಕೈ

ಹೆಚ್ಚು ಓಡಿದ ಮಾಡೆಲ್‌ಗಳಿಗೆ ರೆಡಿಮೇಡ್ ಪ್ಯಾಡ್ ಸಿಗುವುದುಂಟು. ಅಂಬಾಸಿಡರ್ 1958ರಿಂದ 2014ರವರೆಗೆ ಬಂದ ಗಾಡಿ. ಹೆಸರು ಒಂದೇ ಆದರೂ ಮಾರ್ಕ್, ಅಂದರೆ ಆವೃತ್ತಿ ಬದಲಾದಂತೆ ಒಳಗಿನ ಕೆಲಸ ಬದಲಾಗಿದೆ. "ಅಂಬಾಸಿಡರ್ ಪ್ಯಾಡ್" ಎಂದು ತಂದದ್ದರ ಹ್ಯಾಂಡಲ್ ತೂತು ನಿಮ್ಮದಕ್ಕೆ ಕೂರದಿರಬಹುದು. ಹಳೆ ಹಲಗೆಯ ಮೇಲಿಟ್ಟು ನೋಡದೆ ದುಡ್ಡು ಕೊಡಬೇಡಿ. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹಳೆ ಪ್ಯಾಡ್ ಸಿಕ್ಕರೆ ಮಾತ್ರ ಬಿಡಬೇಡಿ. ಕೊಳೆತಿದ್ದರೂ ನಕಾಶೆಗೆ, ಕ್ಲಿಪ್‌ಗೆ, ಕ್ರೋಮ್ ಪಟ್ಟಿಗೆ ಆಗುತ್ತದೆ.

ಸಾದಾ ಚಪ್ಪಟೆ ಪ್ಯಾಡ್ ಆದರೆ ಮನೆಯಲ್ಲೇ ಮಾಡಬಹುದು. ಬಿಚ್ಚುವುದಂತೂ ನೀವೇ ಮಾಡಿ, ಯಾಕೆಂದರೆ ನಿಮ್ಮಷ್ಟು ಜೋಪಾನ ಬೇರೆಯವರಿಗೆ ಇರುವುದಿಲ್ಲ. ಗ್ಲಾಸ್ ಹ್ಯಾಂಡಲ್ ಕೆಲವು ಗಾಡಿಯಲ್ಲಿ ಅಡ್ಡ ಪಿನ್ನಿನಲ್ಲಿ, ಕೆಲವಲ್ಲಿ ಲಾಳದ ಆಕಾರದ ಸ್ಪ್ರಿಂಗ್ ಕ್ಲಿಪ್‌ನಲ್ಲಿ ನಿಂತಿರುತ್ತದೆ. ಲಾಳದ ಕ್ಲಿಪ್ ಆದರೆ ಒಂದು ಹಳೆ ಬನಿಯನ್ ಪಟ್ಟಿಯನ್ನು ಹ್ಯಾಂಡಲ್ ಮತ್ತು ಪ್ಯಾಡ್ ನಡುವೆ ತೂರಿಸಿ, ಶೂ ಪಾಲಿಶ್ ಮಾಡುವ ಹಾಗೆ ಆ ಕಡೆ ಈ ಕಡೆ ಎಳೆಯಿರಿ. ಬಟ್ಟೆಯ ಎಳೆ ಕ್ಲಿಪ್‌ನ ತುದಿಗೆ ಸಿಕ್ಕಿ ಅದನ್ನು ಹೊರಗೆ ಎಳೆಯುತ್ತದೆ. ಟಕ್ ಎಂದು ಹಾರುತ್ತದೆ, ಹಾಗಾಗಿ ಇನ್ನೊಂದು ಕೈ ಅಡ್ಡ ಇಟ್ಟಿರಿ. ಸ್ಕ್ರೂ ಡ್ರೈವರ್ ಹಾಕಿ ಮೀಟಿದರೆ ಪ್ಯಾಡೂ ಹರಿಯುತ್ತದೆ, ಪೇಂಟೂ ಹೋಗುತ್ತದೆ. ಹಲಗೆಯ ಸುತ್ತಲಿನ ಕ್ಲಿಪ್‌ಗಳನ್ನು ಎಬ್ಬಿಸುವಾಗ ಚಪ್ಪಟೆ ಪಟ್ಟಿಯನ್ನು ಕ್ಲಿಪ್‌ನ ಪಕ್ಕದಲ್ಲೇ ತೂರಿಸಿ. ದೂರದಲ್ಲಿ ಹಾಕಿ ಎತ್ತಿದರೆ ಹಲಗೆಯ ತೂತೇ ಕಿತ್ತುಬರುತ್ತದೆ. ಪ್ರತಿ ಪ್ಯಾಡ್ ಹಿಂದೆ ಎಡ ಮುಂದೆ, ಬಲ ಹಿಂದೆ ಎಂದು ಮಾರ್ಕರ್‌ನಲ್ಲಿ ಬರೆದು ಫೋಟೋ ತೆಗೆದುಕೊಳ್ಳಿ.

ಹೊಲಿಗೆ, ಮಡಿಕೆ, ಪೈಪಿಂಗ್, ಪಾಕೆಟ್ ಇದ್ದರೆ ಅಂಗಡಿಗೇ ಕೊಡಿ. ಮನೆಯ ಹೊಲಿಗೆ ಯಂತ್ರ ಎರಡು ಪದರ ರೆಕ್ಸಿನ್, ಫೋಮ್ ಎಳೆಯುವುದಿಲ್ಲ. ನಾನು ಶಿಫಾರಸು ಮಾಡುವುದು ಅರ್ಧ ಅರ್ಧ ದಾರಿ: ಬಿಚ್ಚುವುದು, ಹಲಗೆ ಕತ್ತರಿಸಿ ಸೀಲ್ ಮಾಡುವುದು, ಪ್ಲಾಸ್ಟಿಕ್ ಹಾಳೆ ಅಂಟಿಸುವುದು ನೀವು, ಹೊಲಿದು ಎಳೆದು ಕೂರಿಸುವುದು ಅವರು. ಕುಶನ್ ಅಂಗಡಿಯವರ ಕೈಚಳಕ ಹೊಲಿಗೆಯಲ್ಲಿದೆ, ಹಲಗೆಗೆ ವಾರ್ನಿಷ್ ಬಳಿದು ಎರಡು ದಿನ ಕಾಯುವ ಪುರುಸೊತ್ತು ಅವರಿಗಿಲ್ಲ. ಮೊದಲು ಒಂದೇ ಹಿಂದಿನ ಬಾಗಿಲಿನ ಪ್ಯಾಡ್ ಮಾಡಿಸಿ, ಬಾಗಿಲಿಗೆ ಕೂರಿಸಿ, ಗ್ಲಾಸ್ ಏರಿಸಿ ಇಳಿಸಿ ನೋಡಿ. ಸರಿ ಅನ್ನಿಸಿದ ಮೇಲೆ ಉಳಿದ ಮೂರಕ್ಕೆ ಒಪ್ಪಿಗೆ ಕೊಡಿ. ಹ್ಯಾಂಡಲ್ ತೂತನ್ನು ರೆಕ್ಸಿನ್ ಮೇಲೆ ಅಂಗಡಿಯಲ್ಲೇ ದೊಡ್ಡದಾಗಿ ಕತ್ತರಿಸಲು ಬಿಡಬೇಡಿ, ಸಣ್ಣ ಅಡ್ಡ ಸೀಳು ಸಾಕು. ಬಾಗಿಲಿಗೆ ಇಟ್ಟು ನೋಡಿ ಬೇಕಾದಷ್ಟೇ ಬಿಡಿಸಿಕೊಳ್ಳಬಹುದು. ಉಳಿದ ರೆಕ್ಸಿನ್ ತುಂಡುಗಳನ್ನು ಕೇಳಿ ವಾಪಸ್ ಪಡೆದು, ಮಡಚದೆ ಸುರುಳಿ ಸುತ್ತಿ ಇಡಿ. ಸನ್ ವೈಸರ್‌ಗೋ ಕಾಲ ಬಳಿಯ ಕಿಕ್ ಪ್ಯಾನೆಲ್‌ಗೋ ಮುಂದೆ ಬೇಕಾದಾಗ ಅದೇ ರೋಲ್ ಮತ್ತೆ ಸಿಗುವುದಿಲ್ಲ.